ಹೆಬ್ಬೆಟ್ಟು ಹೇಳುವುದೆಷ್ಟು?



ವರದಕ್ಷಿಣೆ ಸಾವಿನ ಮೊಕದ್ದಮೆಯಲ್ಲಿ ಬೆರಳಚ್ಚು ತಜ್ಞರ ವರದಿ ಬಂತೆಂದರೆ ಸಾಕು, ತವರಿನವರೂ ಸಂಘದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ವಿಜ್ಞಾನವೇ ಹೇಳಿದ ಮೇಲೆ ನಮ್ಮದೇನು ಎಂಬ ಭಾವನೆ. ಇದನ್ನು ನಾನು ಒಪ್ಪುವುದಿಲ್ಲ.

ಒಬ್ಬರ ಬೆರಳ ಗೆರೆ ಇನ್ನೊಬ್ಬರಿಗಿಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅಪರಾಧ ನಡೆದ ಜಾಗದಲ್ಲಿ ಸಿಗುವುದು ಹೆಚ್ಚಾಗಿ ಅರ್ಧಂಬರ್ಧ, ಉಜ್ಜಿಹೋದ ಗುರುತು. ಅದನ್ನು ನೋಡಿ 'ಇದು ಇವರದೇ' ಎಂದು ತೀರ್ಮಾನಿಸುವುದು ಯಂತ್ರವಲ್ಲ, ಮನುಷ್ಯ.

ಸ್ಕಾಟ್ಲೆಂಡಿನ ಶರ್ಲಿ ಮೆಕ್ಕಿ ಸ್ವತಃ ಪೊಲೀಸ್ ಪತ್ತೇದಾರರು. 1997ರಲ್ಲಿ ಕೊಲೆ ನಡೆದ ಮನೆಯೊಂದರಲ್ಲಿ ಅವರ ಹೆಬ್ಬೆರಳ ಗುರುತಿದೆ ಎಂದು ನಾಲ್ವರು ತಜ್ಞರು ಹೇಳಿದರು. ತಾನು ಆ ಮನೆಯೊಳಗೆ ಹೋಗಿಯೇ ಇಲ್ಲವೆಂದ ಆ ಹೆಣ್ಣಿನ ಮಾತನ್ನು ನಂಬದೆ, ಸುಳ್ಳು ಸಾಕ್ಷಿಯ ಆರೋಪ ಹೊರಿಸಿದರು. 1999ರಲ್ಲಿ ಅವರು ಖುಲಾಸೆಯಾದರು. ಗುರುತು ಅವರದಲ್ಲ ಎಂದು ಸಾರ್ವಜನಿಕ ವಿಚಾರಣೆ ಹೇಳುವ ಹೊತ್ತಿಗೆ 2011 ಬಂದಿತ್ತು.

ತಜ್ಞರ ಕಣ್ಣಿಗೂ ಪೂರ್ವಗ್ರಹ ಅಂಟುತ್ತದೆ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಐವರು ತಜ್ಞರಿಗೆ, ಹಿಂದೆ ಅವರೇ 'ಹೊಂದುತ್ತದೆ' ಎಂದಿದ್ದ ಗುರುತುಗಳನ್ನು ತೋರಿಸಿ, ಇವು ತಪ್ಪೆಂದು ಸಾಬೀತಾದ ಬೇರೊಂದು ಪ್ರಕರಣದವು ಎಂದು ಹೇಳಲಾಯಿತು. ನಾಲ್ವರು ಅಭಿಪ್ರಾಯ ಬದಲಿಸಿದರು! ಹಾಗೆಂದು ಈ ವಿದ್ಯೆಯೇ ಸುಳ್ಳಲ್ಲ. ಅಮೆರಿಕದಲ್ಲಿ 169 ಪರೀಕ್ಷಕರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆಯವರ ಗುರುತನ್ನು 'ಇವರದೇ' ಎಂದ ತಪ್ಪು ಸಾವಿರಕ್ಕೆ ಸುಮಾರು ಒಂದು. ಆದರೆ ಒಬ್ಬರದೇ ಗುರುತನ್ನು 'ಇವರದಲ್ಲ' ಎಂದ ತಪ್ಪು ನೂರಕ್ಕೆ ಏಳೂವರೆ. ಆದ್ದರಿಂದ 'ಹೊಂದಲಿಲ್ಲ' ಎಂಬ ವರದಿ ಬಂದೊಡನೆ ಎದೆಗುಂದಬೇಕಿಲ್ಲ.

ನಮ್ಮ ಮನೆಗಳ ವಿಷಯವೇ ಬೇರೆ. ಸೀಮೆಎಣ್ಣೆ ಡಬ್ಬದ ಮೇಲೆ ಗಂಡನ, ಅತ್ತೆಯ ಬೆರಳ ಗುರುತು ಇರುವುದು ಸಹಜ. ಅದು ಯಾವಾಗ ಮೂಡಿತೆಂದು ಗುರುತು ಹೇಳದು. ಖಾಲಿ ಛಾಪಾ ಕಾಗದಕ್ಕೆ ಸೊಸೆಯ ಕೈಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೂ ತಜ್ಞರು 'ಇದು ಈಕೆಯದೇ' ಎನ್ನುತ್ತಾರೆ. ಅದು ನಿಜವೇ. ಆಕೆ ಒಪ್ಪಿ ಒತ್ತಿದಳೇ, ಹೆದರಿ ಒತ್ತಿದಳೇ ಎಂಬುದಕ್ಕೆ ಅವರ ಬಳಿ ಉತ್ತರವಿಲ್ಲ.

2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಂತೆ ತಜ್ಞರು ಹೇಳುವುದು ಅಭಿಪ್ರಾಯ, ತೀರ್ಪು ನ್ಯಾಯಾಲಯದ್ದು. ಗುರುತು ಎಷ್ಟು ಸ್ಪಷ್ಟವಾಗಿತ್ತು, ಎರಡನೆಯವರು ಮೊದಲನೆಯವರ ಉತ್ತರ ತಿಳಿಯದೆ ಪರೀಕ್ಷಿಸಿದರೇ ಎಂದು ವಕೀಲರ ಮೂಲಕ ಕೇಳಿಸಿ. ವರದಿ ನಮ್ಮ ಪರವಾಗಿದ್ದರೂ ಇದೇ ಪ್ರಶ್ನೆ ಕೇಳಬೇಕು. ನಿರಪರಾಧಿಯನ್ನು ಜೈಲಿಗೆ ಕಳಿಸಿದರೆ ಸತ್ತವಳಿಗೆ ನ್ಯಾಯ ಸಿಗುವುದಿಲ್ಲ.

ಅದೇ ಕಾನೂನಿನ 118ನೇ ಕಲಮನ್ನೂ ನೆನಪಿಡಿ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಮುಂಚಿನ ದಿನಗಳಲ್ಲಿ ವರದಕ್ಷಿಣೆಗಾಗಿ ಹಿಂಸೆಯಾಗಿತ್ತೆಂದು ತೋರಿಸಿದರೆ, ಹಿಂಸಿಸಿದವರೇ ಆ ವರದಕ್ಷಿಣೆ ಸಾವಿಗೆ ಕಾರಣರೆಂದು ನ್ಯಾಯಾಲಯ ಭಾವಿಸಬೇಕು. ಅದನ್ನು ತೋರಿಸಬಲ್ಲವರು ನೀವು. ಗಂಡನ ಮನೆಯವರ ಬೇಡಿಕೆ ತೀರಿಸಲು ಆಕೆ ಸಂಘದಲ್ಲಿ ಸಾಲ ಎತ್ತಿದ್ದರೆ ಅದನ್ನು ನಡಾವಳಿ ಪುಸ್ತಕದಲ್ಲಿ ತಾರೀಖು ಹಾಕಿ, ಕಾರಣ ಸಹಿತ ಬರೆದಿಡಿ. ಆಕೆ ಬದುಕಿದ್ದಾಗಲೇ ಬರೆದಿಡಿ. ಆಕೆ ಬದುಕಿ ಉಳಿಯಲು ಏನು ಮಾಡಬೇಕೆಂದು ಅದೇ ಸಭೆಯಲ್ಲಿ ತೀರ್ಮಾನಿಸಿ.