ಲಂಗೋಟಿ ಒಗೆಯೋರು ಯಾರು?

ಇವತ್ತಿನ ವಿಷಯ ಸ್ವಲ್ಪ ಗಲೀಜು. ತಿಂಡಿ ತಟ್ಟೆ ಮುಂದಿಟ್ಕೊಂಡು ಓದ್ತಾ ಇದ್ರೆ ಮೊದಲು ತಿಂದು ಮುಗಿಸಿ, ಕೈ ತೊಳ್ಕೊಂಡು ಬನ್ನಿ. ಕಾಯ್ತೀನಿ :-)

ನನಗೀಗ ಏಳು ತಿಂಗಳು. ಮಗು ಬರೋದು ನವೆಂಬರಿನಲ್ಲಿ. ತೊಟ್ಟಿಲು, ಕಾರ್ ಸೀಟು, ಎರಡು ಹೆಸರು (ಹುಡುಗನಾದ್ರೆ ಒಂದು, ಹುಡುಗಿಯಾದ್ರೆ ಒಂದು), ಇವೆಲ್ಲಾ ಒಂದೇ ಭಾನುವಾರದಲ್ಲಿ ತೀರ್ಮಾನ ಆಗಿಹೋಯ್ತು. ಆದ್ರೆ ಮಗುವಿಗೆ ಬಟ್ಟೆ ಲಂಗೋಟಿನೋ, ಬಿಸಾಡೋ ಡೈಪರ್ರೋ ಅನ್ನೋ ಒಂದು ಪ್ರಶ್ನೆ ಮಾತ್ರ ತಿಂಗಳಿಂದ ನಮ್ಮ ಮನೇಲಿ ಗೋಜಲಾಗಿ ಕೂತಿದೆ. ಕಾರಣ, ಇದರ ಬಗ್ಗೆ ಅಭಿಪ್ರಾಯ ಇಲ್ಲದ ಮನುಷ್ಯ ಪ್ರಾಣಿ ನಮ್ಮ ಎರಡೂ ಕಡೆ ಬಳಗದಲ್ಲಿ ಇಲ್ಲ.

ಹಾಸನದ ದೊಡ್ಡಮ್ಮನ ಪ್ರಕಾರ ಪ್ಲಾಸ್ಟಿಕ್ ಕಟ್ಟಿದ್ರೆ ಮಗುವಿಗೆ ಉಷ್ಣ ಆಗುತ್ತೆ, ಕಾಲು ಸೊಟ್ಟ ಆಗುತ್ತೆ. ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ದಿನಾ ಬೆಳಿಗ್ಗೆ "ನಮ್ಮ ಹಿರಿಯರ ವಿಜ್ಞಾನ" ಅಂತ ಒಂದೊಂದು ಫಾರ್ವರ್ಡ್ ಕಳಿಸ್ತಾರೆ. ಆಫೀಸಿನ ಸಹೋದ್ಯೋಗಿ ಒಬ್ಬಳು ಸಸ್ಯಾಹಾರಿ, ಸೈಕಲ್ ಸವಾರಿ, ಡೈಪರ್ ಅಂದ್ರೆ ಭೂಮಿಗೆ ಮಾಡೋ ದ್ರೋಹ ಅಂತಾಳೆ. ಇನ್ನು ನನ್ನ ಗಂಡ. ಅವನೂ ನನ್ನ ಹಾಗೆ ಕೋಡ್ ಬರೆಯೋನೇ, ಹಾಗಾಗಿ ಒಂದು ಎಕ್ಸೆಲ್ ಶೀಟ್ ಮಾಡಿ, ಬಟ್ಟೇನೇ ಸರಿ ಅಂತ ಹಸಿರು ಬಣ್ಣ ಬಳಿದು ಕೊಟ್ಟಿದಾನೆ. ತಮಾಷೆ ಅಂದ್ರೆ, ಬಟ್ಟೆ ಬಟ್ಟೆ ಅಂತ ನಮಗೆ ಹೇಳೋ ಇದೇ ಬಳಗದಲ್ಲಿ ಬೆಂಗಳೂರಿನ ನನ್ನಕ್ಕ ಎರಡೂ ಮಕ್ಕಳನ್ನ ಪೂರ್ತಿ ಡೈಪರ್‌ನಲ್ಲೇ ಬೆಳೆಸಿದ್ಲು. ಅವಳಿಗೆ ಯಾರೂ ಏನೂ ಹೇಳ್ಲಿಲ್ಲ. ಪರದೇಶದಲ್ಲಿರೋರು ಮಾತ್ರ ಸಂಪ್ರದಾಯ ಕಾಪಾಡ್ಬೇಕು!

ಇಷ್ಟು ಜನ ಇಷ್ಟು ಹೇಳಿದ್ರೂ, ಒಬ್ಬರೂ ಕೇಳದೇ ಇರೋ ಪ್ರಶ್ನೆ ಒಂದಿದೆ. ಒಗೆಯೋರು ಯಾರು?

ನಮ್ಮೂರಿನ ಲಂಗೋಟಿ ಬಗ್ಗೆ ನನಗೂ ಪ್ರೀತಿ ಇದೆ. ಅಜ್ಜನ ಹಳೇ ಪಂಚೆ, ಒಗೆದೂ ಒಗೆದೂ ಬೆಣ್ಣೆ ಥರ ಮೆತ್ತಗಾಗಿರೋದು, ಅದನ್ನ ಹರಿದು ಮೂರು ಮೂಲೆ ಮಡಿಸಿ ಸೊಂಟಕ್ಕೆ ಕಟ್ಟೋದು. ದಿನಕ್ಕೆ ಹದಿನೈದಾದ್ರೂ ಬೇಕು. ಅದಕ್ಕಿಂತ ಒಳ್ಳೇ ಬಟ್ಟೆ ಮಗುವಿನ ಚರ್ಮಕ್ಕೆ ಇಲ್ಲ, ಒಪ್ಕೋತೀನಿ. ಆದ್ರೆ ಅದು ಬರೀ ಬಟ್ಟೆ ತುಂಡಲ್ಲ, ಒಂದು ಪೂರ್ತಿ ವ್ಯವಸ್ಥೆ. ನಮ್ಮ ಭಾಷೇಲಿ ಹೇಳೋದಾದ್ರೆ ಸಿಸ್ಟಮ್ಮು. ಕೆಳಗೆ ಕೆಂಪು ಗಾರೆ ನೆಲ, ಒದ್ದೆಯಾದ್ರೆ ಒರೆಸಿದ್ರೆ ಆಯ್ತು. ಹಾಸಿಗೆ ಮೇಲೆ ರಬ್ಬರ್ ಶೀಟು. ಹಿತ್ತಲಲ್ಲಿ ಒಗೆಯೋ ಕಲ್ಲು, ಹಂಡೆ ತುಂಬಾ ಬಿಸಿನೀರು, ಮೇಲೆ ಬಿಸಿಲು. ಗಂಟೆಗೊಂದ್ಸಲ ಮಗುವನ್ನ ಕಾಲ ಮೇಲೆ ಕೂರಿಸ್ಕೊಂಡು "ಶ್‌ಶ್‌ಶ್" ಅನ್ನೋದಕ್ಕೆ ಪುರುಸೊತ್ತಿರೋ ಅಜ್ಜಿ. ಹಾಗೆ ಕೂರಿಸೋದ್ರಿಂದ್ಲೇ ಎಷ್ಟೋ ಲಂಗೋಟಿ ಒದ್ದೆ ಆಗ್ತಾನೇ ಇರ್ಲಿಲ್ಲ. ಈ ಚರ್ಚೆಯಲ್ಲಿ ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಅಮ್ಮನ್ನ ಕೇಳ್ದೆ, "ನಾನು ಹುಟ್ಟಿದಾಗ ಒಗೀತಿದ್ದಿದ್ದು ಯಾರು?" ಅಂತ. ಅಮ್ಮ ಸ್ವಲ್ಪ ಯೋಚಿಸಿ ಹೇಳಿದ್ಲು, "ಬಾಣಂತನದಲ್ಲಿ ನಾನು ತಣ್ಣೀರು ಮುಟ್ಟೋ ಹಾಗಿರ್ಲಿಲ್ಲ ಕಣೇ, ಅಜ್ಜಿ ಒಗೀತಿದ್ರು. ಆಮೇಲೆ ಕೆಲಸದವಳು ಬರ್ತಿದ್ಲು. ಕಕ್ಕದ ಬಟ್ಟೆ ಒಗೆಯೋಕೆ ಅವಳಿಗೆ ಮನಸಿರ್ಲಿಲ್ಲ, ಪಾಪ, ಇನ್ನೇನ್ಮಾಡ್ತಾಳೆ." ಆ ಮಾತು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಹಿರಿಯರ ವಿಜ್ಞಾನ ಅಂತ ಚಿಕ್ಕಪ್ಪ ಹೇಳೋದು ಅಜ್ಜಿಯ ಬೆನ್ನು ಮತ್ತು ಆ ಹೆಂಗಸಿನ ಕೈ. ಚಿಕ್ಕಪ್ಪನ ಕೈ ಅಲ್ಲ ಅಂತ ಮಾತ್ರ ಖಾತ್ರಿಯಾಗಿ ಹೇಳಬಲ್ಲೆ.

ಈಗ ಇಲ್ಲಿಗೆ ಬನ್ನಿ. ರೆಡಿಂಗ್‌ನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟು. ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು, ಅದೂ ಬೆಳ್ಳನೆ ಬೀಜ್ ಬಣ್ಣದ್ದು (ಯಾವ ಪುಣ್ಯಾತ್ಮ ಆರಿಸಿದ್ನೋ). ಮನೆ ಮಾಲೀಕರ ಹತ್ತಿರ ಐದು ವಾರದ ಬಾಡಿಗೆ ಡೆಪಾಸಿಟ್ ಇದೆ. ಅಜ್ಜನ ಪಂಚೆ ಲಂಗೋಟಿ ಈ ಕಾರ್ಪೆಟ್ ಮೇಲೆ ಒಂದು ವಾರ ಓಡಾಡಿದ್ರೆ ಡೆಪಾಸಿಟ್ಟಿಗೆ ಎಳ್ಳುನೀರು. ಹಿತ್ತಲಿಲ್ಲ. ಡಿಸೆಂಬರಿನಲ್ಲಿ ಎಂಟು ಗಂಟೆಗೆ ಹುಟ್ಟಿ ನಾಲ್ಕಕ್ಕೆ ಮೊದಲೇ ಮುಳುಗೋ ಸೂರ್ಯ, ಅದೂ ಮೋಡದ ಹಿಂದೆ. ಒದ್ದೆ ಬಟ್ಟೆ ಮನೆಯೊಳಗೆ ಒಣಗಿಸಿದ್ರೆ ಕಿಟಕಿ ಮೇಲೆಲ್ಲಾ ನೀರು, ಗೋಡೆ ಮೂಲೇಲಿ ಕಪ್ಪು ಬೂಷ್ಟು. ಅದೇ ಗಾಳೀಲಿ ಹಸುಗೂಸು ಉಸಿರಾಡ್ಬೇಕು. ಬಟ್ಟೆ ಮಗುವಿಗೆ ಒಳ್ಳೇದು ಅನ್ನೋರು ಈ ಬೂಷ್ಟಿನ ಬಗ್ಗೆ ಏನಂತಾರೋ ಗೊತ್ತಿಲ್ಲ.

ಇನ್ನು ವಾಷಿಂಗ್ ಮಷೀನು. ಈ ದೇಶದಲ್ಲಿ ಅದನ್ನ ಇಡೋದು ಅಡುಗೆಮನೇಲಿ. ಸಿಂಕಿನ ಪಕ್ಕ, ಒಲೆಯಿಂದ ಮೂರಡಿ. ನಮ್ಮತ್ತೆ ವಿಡಿಯೋ ಕಾಲ್‌ನಲ್ಲಿ ಅದನ್ನ ನೋಡಿದ ದಿನ "ಅಯ್ಯೋ, ಒಳಬಟ್ಟೆನೆಲ್ಲಾ ಅಡುಗೆಮನೇಲಿ ಒಗೀತೀಯೇನಮ್ಮಾ?" ಅಂತ ಸುಸ್ತಾಗಿದ್ರು. ಅವರು ಬಟ್ಟೆ ಲಂಗೋಟಿ ಪಕ್ಷದವರೇ. ಕಕ್ಕದ ಲಂಗೋಟಿ ಎಲ್ಲಿ ಒಗೀಬೇಕಾಗುತ್ತೆ ಅಂತ ಇನ್ನೂ ಅವರಿಗೆ ಹೊಳೆದಿಲ್ಲ. ನಾನೂ ಜ್ಞಾಪಿಸಿಲ್ಲ.

ಹಾಗಂತ ಈಗಿನ ಬಟ್ಟೆ ಡೈಪರ್ ನಮ್ಮ ಹಳೇ ಲಂಗೋಟಿ ಅಲ್ಲ. ಹೊರಗೆ ನೀರು ಸೋರದ ಬಟ್ಟೆ, ಒತ್ತೋ ಗುಂಡಿಗಳು, ಒಳಗೆ ದಪ್ಪ ಹತ್ತಿ ಅಥವಾ ಬಿದಿರು ನಾರಿನ ಪ್ಯಾಡು, ಅದರ ಮೇಲೆ ತೆಳ್ಳನೆ ಹಾಳೆ. ಕಕ್ಕ ಮಾಡಿದ್ರೆ ಆ ಹಾಳೆ ತೆಗೆದು ಕೊಡವಿದ್ರೆ ಆಯ್ತು, ಉಳಿದದ್ದನ್ನ ಮುಚ್ಚಳದ ಬಕೆಟ್‌ಗೆ ಹಾಕಿ, ಎರಡು ಮೂರು ದಿನಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಮಷೀನಿಗೆ ಹಾಕೋದು. ಕಂಫರ್ಟ್ ಥರದ ಘಮಘಮ ಕಂಡೀಷನರ್ ಹಾಕಬಾರದು, ಹಾಕಿದ್ರೆ ಬಟ್ಟೆ ನೀರು ಹೀರೋದು ಕಮ್ಮಿ ಆಗುತ್ತೆ. ಕಾರ್ಪೆಟ್ ಉಳಿಯುತ್ತೆ. ಒಗೆಯೋ ಕಲ್ಲು ಬೇಡ. ಆದ್ರೆ ಬಿಸಿಲು? ಅದನ್ನ ಯಾವ ಕಂಪನೀನೂ ಡಬ್ಬದಲ್ಲಿ ತುಂಬಿ ಮಾರ್ತಾ ಇಲ್ಲ. ಅದರ ಬದಲು ಟಂಬಲ್ ಡ್ರೈಯರ್ ಮಾರ್ತಾರೆ.

ಪರಿಸರದ ವಾದವೆಲ್ಲಾ ಬಂದು ನಿಲ್ಲೋದು ಇಲ್ಲೇ. ಇಲ್ಲಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2005ರಲ್ಲಿ ಒಂದು ಅಧ್ಯಯನ ಮಾಡಿಸಿತ್ತು, 2008ರಲ್ಲಿ ಅದನ್ನ ಪರಿಷ್ಕರಿಸ್ತು. ಎರಡೂವರೆ ವರ್ಷಕ್ಕೆ ಒಂದು ಮಗುವಿನ ಲೆಕ್ಕ: ಬಿಸಾಡೋ ಡೈಪರ್ ಆದ್ರೆ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆದಾದ್ರೆ ಸುಮಾರು 570. ಅಂದ್ರೆ ಹೆಚ್ಚುಕಮ್ಮಿ ಸಮ! ಆದ್ರೆ ಆ 570 ಅನ್ನೋದು ಸರಾಸರಿ ಮನೆ. ಮಷೀನ್ ತುಂಬಾ ಹಾಕಿ ಒಗೆದು, ಹೊರಗೆ ಹಗ್ಗದ ಮೇಲೆ ಒಣಗಿಸಿ, ಅದನ್ನೇ ಎರಡನೇ ಮಗುವಿಗೂ ಬಳಸಿದ್ರೆ ಶೇ. 40ರಷ್ಟು ಇಳಿಯುತ್ತೆ. ಎಲ್ಲಾನೂ ಡ್ರೈಯರ್‌ಗೆ ಹಾಕಿದ್ರೆ ಅಷ್ಟೇ ಪ್ರಮಾಣದಲ್ಲಿ ಏರುತ್ತೆ. 2023ರಲ್ಲಿ ಸರ್ಕಾರದ ಪರಿಸರ ಇಲಾಖೆ ಹೊಸ ಲೆಕ್ಕ ಪ್ರಕಟಿಸ್ತು, ಅದರಲ್ಲಿ ಬಟ್ಟೆದು ಶೇ. 25ರಷ್ಟು ಕಮ್ಮಿ ಅಂತ ಬಂತು. ಇಲ್ಲಿನ ಕೊನೇ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರಿನಲ್ಲಿ ಮುಚ್ಚಿತು, ಆದ್ದರಿಂದ ಮಷೀನಿಗೆ ಬರೋ ಕರೆಂಟೂ ಮೊದಲಿಗಿಂತ ಚೊಕ್ಕಟ. ಸರಿ, ಬಟ್ಟೆಗೆ ಒಂದು ಮತ. ಆದ್ರೆ ಬಟ್ಟೆ ಡೈಪರಿನ ಹೊರೆಯ ಬಹುಪಾಲು ಇರೋದು ಅದನ್ನ ತಯಾರಿಸೋದ್ರಲ್ಲಿ ಅಲ್ಲ, ಒಗೆದು ಒಣಗಿಸೋದ್ರಲ್ಲಿ. ಅಂದ್ರೆ ಅದು ಎಷ್ಟು ಹಸಿರು ಅನ್ನೋದು ಅಂಗಡೀಲಿ ತೀರ್ಮಾನ ಆಗಲ್ಲ, ನಿಮ್ಮ ಮನೇಲಿ ಆಗುತ್ತೆ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ದಿನಕ್ಕೆ ಐದಾರರಂತೆ ಎರಡೂವರೆ ವರ್ಷಕ್ಕೆ ಸುಮಾರು 5000 ಡೈಪರ್. ಸೂಪರ್‌ಮಾರ್ಕೆಟ್ಟಿನ ಸ್ವಂತ ಬ್ರ್ಯಾಂಡು 8 ಪೆನ್ಸ್ ಅಂತ ಹಿಡಿದ್ರೆ 400 ಪೌಂಡು, ಹೆಸರಿರೋ ಬ್ರ್ಯಾಂಡು 15 ಪೆನ್ಸ್ ಅಂದ್ರೆ 750. ಬಟ್ಟೆದು ಇಪ್ಪತ್ತು ಕೊಂಡ್ರೆ ಸುಮಾರು 300. ಮೂರು ದಿನಕ್ಕೊಮ್ಮೆ ಒಗೆದ್ರೆ 300 ಸಲ, ಒಂದು ಸಲಕ್ಕೆ ಒಂದು ಯೂನಿಟ್ಟು, 25 ಪೆನ್ಸಿನಂತೆ 75 ಪೌಂಡು. ಡ್ರೈಯರ್ ಹಾಕಿದ್ರೆ ಇನ್ನೂ 260ರ ಹತ್ತಿರ. ಗಂಡನ ಶೀಟಿನಲ್ಲಿ ಡ್ರೈಯರ್ ಕಾಲಮ್ಮೇ ಇರ್ಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಗೆಯೋರ ಹೊತ್ತಿನ ಕಾಲಮ್ಮೂ ಇರ್ಲಿಲ್ಲ. ಆಫೀಸಲ್ಲಿ ಗಂಟೆ ಗಂಟೆಗೂ ಟೈಮ್‌ಶೀಟ್ ತುಂಬೋನು ಮನೇಲಿ ಆ ಹೊತ್ತಿಗೆ ಸೊನ್ನೆ ಹಾಕಿದ್ದ.

ಇಲ್ಲೊಂದು ಕಥೆ ಹೇಳ್ಲೇಬೇಕು. ಬಿಸಾಡೋ ಡೈಪರ್ ಅನ್ನೋದು ದೊಡ್ಡ ಕಂಪನಿಗಳು ತಾಯಂದಿರ ತಲೆ ಕೆಡಿಸಿ ಹೇರಿದ್ದು ಅಂತ ತುಂಬಾ ಜನ ಬರೀತಾರೆ. ಪ್ಯಾಂಪರ್ಸ್ ಬಂದಿದ್ದು 1961ರಲ್ಲಿ, ಅಮೆರಿಕಾದಲ್ಲಿ. ಅದಕ್ಕೂ ಮೊದಲು 1947ರಲ್ಲಿ, ನಮ್ಮ ರೆಡಿಂಗ್‌ನಿಂದ ಬಹಳ ದೂರವಿಲ್ಲದ ಕ್ಯಾಂಬರ್ಲಿ ಅನ್ನೋ ಊರಲ್ಲಿ ವಾಲರಿ ಹಂಟರ್ ಗಾರ್ಡನ್ ಅನ್ನೋ ಹೆಂಗಸು, ಸೈನ್ಯದ ಅಧಿಕಾರಿಯ ಹೆಂಡತಿ, ಮೂರನೇ ಮಗುವಿನ ಹೊತ್ತಿಗೆ ಒಗೆದು ಒಗೆದು ಸಾಕಾಗಿ, ಅಂಗಡೀಲಿ ಬಿಸಾಡೋ ಅಂಥದ್ದು ಏನೂ ಸಿಗದೆ, ತಾನೇ ಹೊಲಿಯೋಕೆ ಕೂತಳು. ಯುದ್ಧ ಮುಗಿದು ಉಳಿದ ನೈಲಾನ್ ಪ್ಯಾರಾಚೂಟ್ ಬಟ್ಟೆಯಿಂದ ಹೊರಗಿನ ಚಡ್ಡಿ, ಒಳಗೆ ಹತ್ತಿ ಮತ್ತು ಟಿಷ್ಯೂವಿನ ಬಿಸಾಡೋ ಪ್ಯಾಡು. ಬೇರೆ ತಾಯಂದಿರು ನೋಡಿ ನಮಗೂ ಕೊಡಿ ಅಂದ್ರು. ಅಡುಗೆಮನೆ ಮೇಜಿನ ಮೇಲೆ ಸಿಂಗರ್ ಮಷೀನಿಟ್ಕೊಂಡು 400ಕ್ಕೂ ಹೆಚ್ಚು ಹೊಲಿದಳಂತೆ. 1949ರಲ್ಲಿ ಚೆಸ್ಟರ್‌ಫೀಲ್ಡಿನ ಒಂದು ಕಂಪನಿ ಅದನ್ನ "ಪ್ಯಾಡಿ" ಅನ್ನೋ ಹೆಸರಲ್ಲಿ ಮಾರೋಕೆ ಒಪ್ಪಿತು. ಅಂದ್ರೆ ಡೈಪರ್ ಹುಟ್ಟಿದ್ದು ಯಾವುದೋ ಬೋರ್ಡ್ ರೂಮಿನಲ್ಲಿ ಅಲ್ಲ, ಒಗೆಯೋಳ ಸುಸ್ತಿನಲ್ಲಿ. ಇದು ಗೊತ್ತಾದ ಮೇಲೆ ಡೈಪರ್ ಹಾಕೋ ತಾಯಂದಿರನ್ನ ಸೋಮಾರಿಗಳು ಅನ್ನೋ ಮಾತು ಕೇಳಿದ್ರೆ ನನಗೆ ಮೈ ಉರಿಯುತ್ತೆ.

ಹಾಗಾದ್ರೆ ನೀನು ಡೈಪರ್ ಪಕ್ಷಾನಾ ಅಂತ ಕೇಳ್ತೀರ. ಅಲ್ಲ. ನಿಜ ಹೇಳ್ಬೇಕಂದ್ರೆ ನಾನು ಬೆಂಗಳೂರಲ್ಲಿ ಇದ್ದಿದ್ರೆ ಬಟ್ಟೇನೇ ಬಳಸ್ತಿದ್ದೆ. ಅಲ್ಲಿ ತಾರಸಿ ಮೇಲೆ ಎರಡು ಗಂಟೇಲಿ ಗರಿಗರಿಯಾಗಿ ಒಣಗುತ್ತೆ. ಜೊತೆಗೆ, ಅಲ್ಲಿ ನಾವು ಬಿಸಾಡಿದ ಡೈಪರ್ ಕೊನೆಗೆ ಒಬ್ಬ ಪೌರಕಾರ್ಮಿಕರ ಕೈಗೆ ಬರುತ್ತೆ. ಡೈಪರನ್ನ ಪೊಟ್ಟಣ ಕಟ್ಟಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು, ಎಷ್ಟು ಜನ ಕಟ್ಟಿ ಕೊಟ್ಟರು ಅಂತ ನನ್ನಕ್ಕನ್ನೇ ಕೇಳಿ. ಅಲ್ಲಿ ಡೈಪರ್ ಹಾಕೋದು ಅಂದ್ರೆ ಒಗೆಯೋ ಕೆಲಸ ತಪ್ಪಿಸಿ, ಆರಿಸೋ ಕೆಲಸ ಇನ್ನೊಬ್ಬರ ಮೇಲೆ ಹಾಕೋದು. ಇಲ್ಲೂ ಕಸ ಮಾಯ ಆಗಲ್ಲ. ಈ ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಡೈಪರ್ ಬಿಸಾಡ್ತಾರೆ. ನಮ್ಮ ಬೀದಿಗೆ ಕಸದ ಲಾರಿ ಬರೋದು ಎರಡು ವಾರಕ್ಕೊಮ್ಮೆ, ಅಲ್ಲಿವರೆಗೆ ಎಂಬತ್ತು ಡೈಪರ್ ಬಾಗಿಲ ಪಕ್ಕ ಕಾಯ್ತಾ ಇರುತ್ತೆ. ಬಟ್ಟೆಯೋರು ಗಲೀಜು, ಡೈಪರ್‌ನೋರು ಚೊಕ್ಕಟ ಅಂತೇನಿಲ್ಲ.

ಆದ್ರೆ ನನ್ನ ನಿಜವಾದ ಹೆದರಿಕೆ ಬೇರೆ. ನನಗೆ ಒಂಬತ್ತು ತಿಂಗಳು ರಜಾ ಇದೆ, ಅವನಿಗೆ ಎರಡು ವಾರ. "ಹೇಗಿದ್ರೂ ಮನೇಲೇ ಇರ್ತೀಯಲ್ಲ" ಅನ್ನೋ ಮಾತು ಈಗಲೇ ಮೂರು ಬಾಯಿಂದ ಕೇಳಿದೀನಿ. ರಜಾ ಕೊಟ್ಟಿರೋದು ಹೆತ್ತು ಚೇತರಿಸ್ಕೊಂಡು ಮಗು ನೋಡ್ಕೊಳ್ಳೋಕೆ, ದೋಬಿಘಾಟ್ ನಡೆಸೋಕಲ್ಲ. ಇನ್ನೊಂದು ಕಡೆ ಅಮ್ಮ. ವಿಸಿಟರ್ ವೀಸಾದಲ್ಲಿ ಬರ್ತಾ ಇದಾಳೆ. "ನಾನು ಬರ್ತೀನಲ್ಲ, ನಾನು ಒಗೀತೀನಿ ಬಿಡು" ಅಂತ ಫೋನಿನಲ್ಲಿ ಎಷ್ಟು ಸಲೀಸಾಗಿ ಹೇಳಿದ್ಲು! ಐವತ್ತೆಂಟು ವಯಸ್ಸು, ಎರಡೂ ಮಂಡಿ ನೋವು. ನನ್ನ ಹಸಿರು ಮನಸ್ಸಾಕ್ಷಿಯನ್ನ ನನ್ನಮ್ಮನ ಮಂಡಿ ಮೇಲೆ ಕೂರಿಸೋಕೆ ನಾನು ತಯಾರಿಲ್ಲ. ಅಜ್ಜಿಯ ಬೆನ್ನಿಂದ ಅಮ್ಮನ ಮಂಡಿಗೆ, ಅಲ್ಲಿಂದ ನನ್ನ ಸೊಂಟಕ್ಕೆ ಅಂತ ಈ ಲಂಗೋಟಿ ಪರಂಪರೆ ಮುಂದುವರೀಬೇಕಾಗಿಲ್ಲ.

ಹಾಗಾಗಿ ಹೋದ ವಾರ ನಾವಿಬ್ಬರೂ ಕೂತು ಒಂದು ಒಪ್ಪಂದಕ್ಕೆ ಬಂದ್ವಿ. ಮೊದಲ ನಲವತ್ತು ದಿನ ಪೂರ್ತಿ ಡೈಪರ್, ಯಾರ ಮಾತೂ ಕೇಳೋ ಹಾಗಿಲ್ಲ. ಅಮ್ಮನಿಗೆ ಮಗು, ಎಣ್ಣೆ ನೀರು, ಸಾಂಬ್ರಾಣಿ, ಮತ್ತೆ ಅವಳಿಷ್ಟದ "ಶ್‌ಶ್‌ಶ್" ಡ್ಯೂಟಿ. ಬಕೆಟ್ ಮುಟ್ಟೋ ಹಾಗಿಲ್ಲ. ಆಮೇಲೆ ಹಗಲಲ್ಲಿ ಬಟ್ಟೆ, ರಾತ್ರಿ ಮತ್ತು ಪ್ರಯಾಣಕ್ಕೆ ಡೈಪರ್. ಬಿಚ್ಚಿದ್ದನ್ನ ಬಕೆಟ್‌ಗೆ ಹಾಕೋವರೆಗೆ ಮಾತ್ರ ನನ್ನ ಕೆಲಸ. ಬಕೆಟ್‌ನಿಂದ ಮಷೀನು, ಮಷೀನಿಂದ ಹಗ್ಗ, ಹಗ್ಗದಿಂದ ಮಡಿಸಿ ಡ್ರಾಯರ್‌ಗೆ, ಎಲ್ಲಾ ಅವನದು. ಅವನು ಊರಲ್ಲಿಲ್ಲದ ವಾರ, ಅಥವಾ ರಿಲೀಸ್ ಇದೆ ಕಣೇ ಅಂದ ವಾರ, ಡೈಪರ್. ಒಣಗಿಸೋದಕ್ಕೆ ಚಿಕ್ಕ ರೂಮಿನಲ್ಲಿ ಒಂದು ಡೀಹ್ಯೂಮಿಡಿಫೈಯರ್. ಏಪ್ರಿಲ್ ಬಂದ ಮೇಲೆ ಹೊರಗೆ. ಇದನ್ನ ಕೇಳಿದಾಗ ಅವನ ಮುಖ ನೋಡ್ಬೇಕಿತ್ತು. ಹಸಿರು ಬಣ್ಣ ಬಳಿದಷ್ಟು ಬೇಗ ಒಪ್ಕೊಳ್ಳಲಿಲ್ಲ, ಆದ್ರೆ ಒಪ್ಕೊಂಡ. ಶೀಟಿಗೆ ಒಂದು ಹೊಸ ಕಾಲಮ್ಮೂ ಬಂತು, ಅವನ ಹೆಸರಲ್ಲೇ.

ಇಲ್ಲಿ ಡೈಪರ್ ಲೈಬ್ರರಿ ಅಂತ ಇರುತ್ತೆ ಗೊತ್ತಾ? ಪುಸ್ತಕದ ಥರ ಬಟ್ಟೆ ಡೈಪರ್‌ಗಳನ್ನ ಕೆಲವು ವಾರ ಬಾಡಿಗೆಗೆ ಕೊಡ್ತಾರೆ, ನಾಲ್ಕೈದು ಬಗೆಯದ್ದು ನೋಡಿ ಆಮೇಲೆ ಕೊಳ್ಳಬಹುದು. ಜನವರಿಗೆ ಒಂದು ಕಿಟ್ ಬರೆಸಿದೀವಿ. ಒಗೆಯೋ ವಿಧಾನ ವಿವರಿಸೋಕೆ ಅಲ್ಲಿನ ಹೆಂಗಸು ನನ್ನ ಕಡೆ ತಿರುಗಿದ್ಲು. ನಾನು ಇವನ ಕಡೆ ಕೈ ತೋರಿಸಿದೆ.

ಈ ಚಳಿ ದೇಶಗಳಲ್ಲಿ ಬಟ್ಟೆ ಬಳಸಿದೋರು ಯಾರಾದ್ರೂ ಓದ್ತಾ ಇದ್ರೆ, ಚಳಿಗಾಲದಲ್ಲಿ ಎಲ್ಲಿ ಒಣಗಿಸಿದ್ರಿ ಅಂತ ದಯವಿಟ್ಟು ಬರೀರಿ. ಗಂಡಸರು ಬರೆದ್ರೆ ಇನ್ನೂ ಸಂತೋಷ, ಆದ್ರೆ ಒಗೆದೋರು ಮಾತ್ರ.