ಹಳೆಯ ಪಟ್ಟಿಯನ್ನು ರದ್ದಿಗೆ ಹಾಕುವ ಮುನ್ನ

"ಹೊಸದು ಬಂದಿದೆಯಲ್ಲ, ಹಳೆಯದೇಕೆ?" ಎಂಬ ಮಾತು ನಮ್ಮ ಗ್ರಂಥಾಲಯಗಳಲ್ಲಿಯೂ ಕಚೇರಿಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುತ್ತದೆ. ಪಠ್ಯಪುಸ್ತಕದ ಮಟ್ಟಿಗೆ ಅದು ಸರಿಯಿರಬಹುದು. ಆದರೆ ಒಬ್ಬರು ಕಣ್ಣಾರೆ ಕಂಡು ಬರೆದಿಟ್ಟ ದಾಖಲೆಯ ಮಟ್ಟಿಗೆ ಅದು ಅವಿವೇಕವೆಂದೇ ನನ್ನ ದೃಢವಾದ ಅಭಿಪ್ರಾಯ. ದಾಖಲೆಯಲ್ಲಿ ತಪ್ಪುಗಳಿದ್ದರೂ ಈ ಮಾತು ಬದಲಾಗದು. ಇದಕ್ಕೆ ಖಗೋಳ ವಿಜ್ಞಾನವೇ ಸಾಕ್ಷಿ.

ಕೆಲವು ನಕ್ಷತ್ರಗಳ ಹೊಳಪು ಸ್ಥಿರವಾಗಿರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಇವೇ ಚಂಚಲ ನಕ್ಷತ್ರಗಳು. ಒಂದು ರಾತ್ರಿ ದಿಟ್ಟಿಸಿದ ಮಾತ್ರಕ್ಕೆ ಅವುಗಳ ಚಾಂಚಲ್ಯ ತಿಳಿಯದು. ಇಂದು ಕಂಡದ್ದನ್ನು ಹಿಂದೆ ಕಂಡದ್ದರೊಡನೆ ತಾಳೆ ನೋಡಬೇಕು. ಹಿಂದಿನವರು ಕಂಡದ್ದು ನಮಗೆ ದೊರೆಯುವುದು ಪಟ್ಟಿಗಳಲ್ಲಿ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಟಾಲೆಮಿ ಸಾವಿರಕ್ಕೂ ಮಿಕ್ಕ ನಕ್ಷತ್ರಗಳನ್ನು ಹೊಳಪಿಗನುಸಾರ ಆರು ದರ್ಜೆಗಳಲ್ಲಿ ವಿಂಗಡಿಸಿದನು. ಹತ್ತನೆಯ ಶತಮಾನದಲ್ಲಿ ಪರ್ಷಿಯಾದ ಅಲ್-ಸೂಫಿ ಆ ದರ್ಜೆಗಳನ್ನು ಸ್ವತಃ ಆಕಾಶ ನೋಡಿ ಪರಿಷ್ಕರಿಸಿದನು. ನಮ್ಮ ಸಿದ್ಧಾಂತ ಗ್ರಂಥಗಳು ಯೋಗತಾರೆಗಳ ಸ್ಥಾನವನ್ನು ಅಂಕಿಗಳಲ್ಲಿ ಕೊಟ್ಟಿವೆಯೇ ಹೊರತು ಒಂದೊಂದರ ಹೊಳಪಿಗೂ ಅಂಕಿ ಕೊಟ್ಟಿಲ್ಲ. ಅವುಗಳ ಉದ್ದೇಶವೇ ಬೇರೆಯಾಗಿತ್ತು. ಇದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ತಾಳೆ ನೋಡದಿದ್ದರೆ ಏನಾಗುತ್ತದೆ? ಜರ್ಮನಿಯ ಪಾದ್ರಿ ಡೇವಿಡ್ ಫ್ಯಾಬ್ರೀಷಿಯಸ್ 1596ರಲ್ಲಿ ತಿಮಿಂಗಿಲ ಪುಂಜದಲ್ಲಿ ಹೊಸ ನಕ್ಷತ್ರವೊಂದನ್ನು ಕಂಡನು. ಕೆಲವೇ ವಾರಗಳಲ್ಲಿ ಅದು ಮಂಕಾಗಿ ಮರೆಯಾಯಿತು. 1603ರಲ್ಲಿ ಬಾಯರ್ ತನ್ನ ನಕ್ಷತ್ರ ನಕಾಶೆಯಲ್ಲಿ ಅದೇ ನಕ್ಷತ್ರಕ್ಕೆ ಗ್ರೀಕ್ ಅಕ್ಷರವೊಂದನ್ನು ಕೊಟ್ಟು, ನಾಲ್ಕನೆಯ ದರ್ಜೆಯದೆಂದು ಗುರುತಿಸಿದನು. ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟಿದ್ದರೆ ರಹಸ್ಯ ಅಂದೇ ಬಯಲಾಗುತ್ತಿತ್ತು. ಹಾಗಾಗಲಿಲ್ಲ. ಹೊಲ್ವಾರ್ಡಾ ಅದನ್ನು 1638ರಲ್ಲಿ ಮತ್ತೆ ಕಂಡು, ಅದು ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಮರಳಿ ಬರುತ್ತದೆಂದು ತಿಳಿಯುವವರೆಗೂ ಕಾಯಬೇಕಾಯಿತು. ಅದೇ ಇಂದಿನ 'ಮೀರಾ' ನಕ್ಷತ್ರ.

ತಾಳೆ ನೋಡುವುದು ಸುಲಭದ ಕೆಲಸವೆಂದು ಮಾತ್ರ ಓದುಗರು ಭಾವಿಸಬಾರದು. ಹಳೆಯ ಪಟ್ಟಿಯಲ್ಲಿರುವ ನಕ್ಷತ್ರ ಇಂದು ಕಾಣದಿದ್ದರೆ ಅದಕ್ಕೆ ಕಾರಣಗಳು ಹಲವು. ಅದು ಚಂಚಲ ನಕ್ಷತ್ರವಿರಬಹುದು, ಬರೆದವನ ಕೈತಪ್ಪಿರಬಹುದು, ನಕ್ಷತ್ರವೇ ಅಲ್ಲದಿರಬಹುದು. ಇಂಗ್ಲೆಂಡಿನ ಫ್ಲ್ಯಾಮ್‌ಸ್ಟೀಡ್ 1690ರಲ್ಲಿ ನೋಡಿ ವೃಷಭ ಪುಂಜದ 34ನೆಯ ನಕ್ಷತ್ರವಾಗಿ ಪಟ್ಟಿಗೆ ಸೇರಿದ ಕಾಯ ವಾಸ್ತವವಾಗಿ ಯುರೇನಸ್ ಗ್ರಹ!

ಈ ಗೊಂದಲವನ್ನು ಬಿಡಿಸಲು ಹೊರಟವರು ವಿಲಿಯಂ ಹರ್ಷೆಲ್ ಮತ್ತು ಅವರ ತಂಗಿ ಕ್ಯಾರೊಲಿನ್. ನಕ್ಷತ್ರಗಳ ಹೊಳಪು ಬದಲಾಗಿದೆಯೇ ಎಂದು ಪರೀಕ್ಷಿಸುವಾಗ ಫ್ಲ್ಯಾಮ್‌ಸ್ಟೀಡನ ಪಟ್ಟಿಗೂ ಆಕಾಶಕ್ಕೂ ಹೊಂದಾಣಿಕೆಯಾಗದಿರುವುದು ವಿಲಿಯಂಗೆ ಕಂಡಿತು. ಅದೃಷ್ಟವಶಾತ್ ಫ್ಲ್ಯಾಮ್‌ಸ್ಟೀಡನ ಮೂಲ ವೀಕ್ಷಣೆಗಳೂ ಪ್ರತ್ಯೇಕ ಸಂಪುಟದಲ್ಲಿ ಅಚ್ಚಾಗಿದ್ದವು. ಕ್ಯಾರೊಲಿನ್ ಪಟ್ಟಿಯ ಒಂದೊಂದು ನಕ್ಷತ್ರವನ್ನೂ ಆ ವೀಕ್ಷಣೆಗಳಲ್ಲಿ ಹುಡುಕಿ ತಾಳೆ ಮಾಡಿ ಸೂಚಿಯೊಂದನ್ನು ಸಿದ್ಧಪಡಿಸಿದರು. ಅದು 1798ರಲ್ಲಿ ಪ್ರಕಟವಾಯಿತು. ಫ್ಲ್ಯಾಮ್‌ಸ್ಟೀಡ್ ನೋಡಿಯೂ ಪಟ್ಟಿಯಿಂದ ಬಿಟ್ಟುಹೋಗಿದ್ದ 500ಕ್ಕೂ ಹೆಚ್ಚು ನಕ್ಷತ್ರಗಳು ಬೆಳಕಿಗೆ ಬಂದವು. ಅವನು ನೋಡಿಯೇ ಇರದ 'ನಕ್ಷತ್ರ'ಗಳೂ ಪಟ್ಟಿಯಲ್ಲಿದ್ದವು. ಆಕಾಶದ ಬದಲಾವಣೆ ಯಾವುದು, ಲೇಖನಿಯ ಪ್ರಮಾದ ಯಾವುದು ಎಂಬ ವಿವೇಚನೆ ಸಾಧ್ಯವಾದದ್ದು ಮೂಲ ದಾಖಲೆ ಉಳಿದಿದ್ದರಿಂದ. ಪಟ್ಟಿಯನ್ನು ತಿದ್ದಿ ಮೂಲವನ್ನು ಸುಟ್ಟುಬಿಟ್ಟಿದ್ದರೆ?

ನಮ್ಮ ನೆಲದಲ್ಲೂ ಇಂಥ ತಾಳ್ಮೆಯ ದುಡಿಮೆ ನಡೆದಿದೆ. ಮದರಾಸಿನ ವೀಕ್ಷಣಾಲಯದಲ್ಲಿ ಪೋಗ್ಸನ್ನರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು ನಕ್ಷತ್ರಗಳ ಸ್ಥಾನಗಳನ್ನು ವರ್ಷಗಟ್ಟಲೆ ಅಳೆದವರು. 1867ರಲ್ಲಿ ದಕ್ಷಿಣಾಕಾಶದ ರೆಟಿಕ್ಯುಲಮ್ ಪುಂಜದ 'ಆರ್' ಎಂಬ ಚಂಚಲ ನಕ್ಷತ್ರವನ್ನು ಗುರುತಿಸಿದವರು ಅವರೇ. 1874ರ ಶುಕ್ರ ಸಂಕ್ರಮಣವನ್ನು ಕುರಿತ ಅವರ ಪುಸ್ತಿಕೆ ಕನ್ನಡದಲ್ಲಿಯೂ ಬಂದಿತ್ತೆಂಬುದನ್ನು ನಾವು ಕನ್ನಡಿಗರು ಮರೆಯಬಾರದು.

"ಇದು ಉಪಗ್ರಹಗಳ ಕಾಲ, ಹಳೆಯ ಪುಸ್ತಕ ಯಾರಿಗೆ ಬೇಕು?" ಎಂದು ಕೇಳುವವರಿದ್ದಾರೆ. ಯುರೋಪಿನ ಗಯಾ ಉಪಗ್ರಹದ ಮಾಹಿತಿಯಿಂದ 2022ರಲ್ಲಿ ಸುಮಾರು ಒಂದು ಕೋಟಿ ಚಂಚಲ ನಕ್ಷತ್ರಗಳ ವಿವರ ಪ್ರಕಟವಾಯಿತು. ಇದು ಅದ್ಭುತವೇ, ಸಂಶಯವಿಲ್ಲ. ಆದರೆ ಗಯಾ ಆಕಾಶವನ್ನು ಅಳೆದದ್ದು 2014ರಿಂದ 2025ರ ಆರಂಭದವರೆಗೆ ಮಾತ್ರ. ಈಟಾ ಕರೀನೆ ಎಂಬ ನಕ್ಷತ್ರವನ್ನು ಹ್ಯಾಲಿ 1677ರಲ್ಲಿ ನಾಲ್ಕನೆಯ ದರ್ಜೆಯದೆಂದು ಬರೆದನು. 1843ರಲ್ಲಿ ಅದು ಲುಬ್ಧಕವನ್ನುಳಿದು ಎಲ್ಲ ನಕ್ಷತ್ರಗಳನ್ನೂ ಮೀರಿ ಬೆಳಗಿತು. ಮುಂದೆ ಬರಿಗಣ್ಣಿಗೆ ಕಾಣದಷ್ಟು ಮಂಕಾಯಿತು. ಇಂಥ ಶತಮಾನಗಳ ಕಥೆಯನ್ನು ಹತ್ತು ವರ್ಷದ ಉಪಗ್ರಹ ಹೇಗೆ ಹೇಳೀತು? ಎಷ್ಟೇ ಬಲಶಾಲಿಯಾದ ದೂರದರ್ಶಕವೂ 1677ರ ರಾತ್ರಿಗೆ ಹಿಂದಿರುಗಿ ಅಳತೆ ಮಾಡಲಾರದು. ಹಾರ್ವರ್ಡ್ ವೀಕ್ಷಣಾಲಯವು ತನ್ನ ಐದು ಲಕ್ಷಕ್ಕೂ ಮಿಕ್ಕ ಗಾಜಿನ ಛಾಯಾಫಲಕಗಳನ್ನು ಜೋಪಾನ ಮಾಡಿರುವುದರ ಬೆಲೆ ಇದರಿಂದ ತಿಳಿಯುತ್ತದೆ.

ನಾನು ಸೇವೆ ಸಲ್ಲಿಸಿದ ಶಾಲೆಯೊಂದರಲ್ಲಿ ಹಿಂದಿನ ಉಪಾಧ್ಯಾಯರೊಬ್ಬರು ದಿನದಿನವೂ ಮಳೆಯ ಪ್ರಮಾಣ ಬರೆದಿಟ್ಟಿದ್ದ ಪುಸ್ತಕಗಳಿದ್ದವು. ಕೊಠಡಿ ಖಾಲಿ ಮಾಡುವ ಭರದಲ್ಲಿ ಅವೆಲ್ಲ ತೂಕಕ್ಕೆ ಹೋದವು. ಆ ಊರಿನ ಮಳೆ ಬದಲಾಗಿದೆಯೇ ಎಂದು ಇಂದು ಯಾರಾದರೂ ಕೇಳಿದರೆ ಉತ್ತರಿಸಲು ಆ ಪುಸ್ತಕಗಳಿಲ್ಲ. ನಷ್ಟವಾದದ್ದು ಕಾಗದವಲ್ಲ, ಸಾಕ್ಷಿ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಹಳೆಯ ದಾಖಲೆಯನ್ನು ತಿದ್ದುವುದಾದರೆ ಪಕ್ಕದಲ್ಲಿ ತಿದ್ದೋಣ, ಮೂಲವನ್ನು ಅಳಿಸದಿರೋಣ. ಗಣಕಯಂತ್ರಕ್ಕೆ ಏರಿಸಿದ ಮೇಲೂ ಮೂಲವನ್ನು ಉಳಿಸಿಕೊಳ್ಳೋಣ. ಮಕ್ಕಳಿಗೆ ಒಂದೇ ಪುಸ್ತಕವನ್ನು ಬಾಯಿಪಾಠ ಮಾಡಿಸುವ ಬದಲು, ಎರಡು ಪುಸ್ತಕಗಳನ್ನು ಎದುರಿಗಿಟ್ಟು ಭೇದವೆಲ್ಲಿದೆ, ಏಕಿದೆ ಎಂದು ಹುಡುಕಲು ಕಲಿಸೋಣ. ಭೇದ ಕಂಡ ಕೂಡಲೇ ಹಿರಿಯರನ್ನು ಹಳಿಯುವುದೂ ಬೇಡ, ಹೊಸದೇನೋ ಕಂಡೆವೆಂದು ಕುಣಿಯುವುದೂ ಬೇಡ. ಇನ್ನೊಂದು ಸಾಕ್ಷಿಯನ್ನು ಹುಡುಕುವ ಸಹನೆಯೇ ವಿಜ್ಞಾನದ ಮೊದಲ ಪಾಠ.