ಹಲ್ಲಿಗೆಂದು ಬಂದವರು ಎಲ್ಲಿ ಉಳಿಯಬೇಕು?

ವಿದೇಶದಲ್ಲಿರುವ ನಮ್ಮವರು ಊರಿಗೆ ಬರುವಾಗ ತರುವ ಕೆಲಸಗಳ ಪಟ್ಟಿಯಲ್ಲಿ ಈಗ ಹಲ್ಲಿಗೂ ಒಂದು ಖಾಯಂ ಜಾಗವಿದೆ. ಮದುವೆ, ಗೃಹಪ್ರವೇಶ, ಬ್ಯಾಂಕಿನ ಕೆವೈಸಿ, ಜೊತೆಗೆ ಒಂದು ರೂಟ್ ಕೆನಾಲ್. ಕಾರಣ ಗುಟ್ಟೇನಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲಿ ವಿಶೇಷ ಪ್ರಕರಣಗಳನ್ನು ಬಿಟ್ಟರೆ ಇಂಪ್ಲಾಂಟ್ ಸಿಗುವುದಿಲ್ಲ. ಅಮೆರಿಕದ ಮೆಡಿಕೇರ್ ಹಲ್ಲಿನ ಮಾಮೂಲಿ ಚಿಕಿತ್ಸೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಯಾವ ಡಾಕ್ಟರು, ಎಷ್ಟು ಖರ್ಚು ಎಂದು ಆರು ತಿಂಗಳು ವಿಚಾರಿಸುವ ಇದೇ ಜನ, ಎಲ್ಲಿ ಉಳಿಯುವುದು ಎಂಬುದನ್ನು ಮಾತ್ರ ವಿಮಾನದ ಟಿಕೆಟ್ ಆದ ಮೇಲೆ ಯೋಚಿಸುತ್ತಾರೆ. ನಾವೂ ಹಾಗೇ ಮಾಡಿದೆವು, ಪೆಟ್ಟು ತಿಂದೆವು.

ನಾನಿರುವುದು ನಾಸಿಕ್‌ನಲ್ಲಿ. ಅಕ್ಕ ಇಂಗ್ಲೆಂಡಿನಲ್ಲಿ. ದಾವಣಗೆರೆಯ ಮನೆ ಅಮ್ಮ ತೀರಿಕೊಂಡ ಮೇಲೆ ಬಾಡಿಗೆಗೆ ಹೋಗಿದೆ. ಹಾಗಾಗಿ ಅಕ್ಕನ ಪಾಲಿಗೆ ತವರು ಅಂದರೆ ಈಗ ಇಂದಿರಾನಗರದ ನಮ್ಮ ಎರಡು ಬೆಡ್‌ರೂಮಿನ ಫ್ಲ್ಯಾಟ್. ಅವಳ ಮೇಲ್ದವಡೆಯ ಎರಡು ಹಲ್ಲು ಹೋಗಿ ವರ್ಷಗಳಾಗಿದ್ದವು, ಅಲ್ಲಿನ ಮೂಳೆಯೂ ಸವೆದಿತ್ತು. ಮನೆಯವರಿಗೆಲ್ಲ ನಂಬಿಕೆಯಿದ್ದ ಸರ್ಜನ್ ಒಬ್ಬರು ಛತ್ರಪತಿ ಸಂಭಾಜಿನಗರದಲ್ಲಿದ್ದರು. ನಾಸಿಕ್‌ನಲ್ಲಿ ದಂತವೈದ್ಯರಿಗೇನು ಬರವಿಲ್ಲ. ಪಂಚವಟಿಯಲ್ಲಿ ದಂತ ಕಾಲೇಜೇ ಇದೆ, ಮಹಾರಾಷ್ಟ್ರದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೂ ಇಲ್ಲೇ. ಆದರೆ ಹಲ್ಲಿನ ವಿಷಯದಲ್ಲಿ ಜನ ಕಾಲೇಜು ನೋಡಿ ಹೋಗುವುದಿಲ್ಲ, ಕೈಗುಣ ನೋಡಿ ಹೋಗುತ್ತಾರೆ.

ಎರಡು ಊರುಗಳ ನಡುವೆ ಸುಮಾರು ನೂರತೊಂಬತ್ತು ಕಿಲೋಮೀಟರ್. ನಿಫಾಡ್, ಯೇವಲಾ, ವೈಜಾಪುರ ದಾಟಿ ಹೋದರೆ ನಾಲ್ಕು ಗಂಟೆ ಅನ್ನಿ. ಕ್ಲಿನಿಕ್ ಹತ್ತಿರವೇ ಒಂದು ವಾರ ರೂಮ್ ಮಾಡೋಣ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಅಕ್ಕ, "ನಾನು ತವರಿಗೆ ಬರ್ತಿರೋದೋ ತಮ್ಮ, ಲಾಡ್ಜಿಗಲ್ಲ" ಅಂದಳು. ಆ ಮಾತಿಗೆ ಎದುರಾಡುವ ತಮ್ಮ ಯಾರಿದ್ದಾನೆ? ಬೆಳಿಗ್ಗೆ ಹೋಗಿ ಸರ್ಜರಿ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬಂದುಬಿಡೋಣ ಎಂದು ತೀರ್ಮಾನವಾಯಿತು. ಹೋಗುವಾಗ ದಾರಿಯಲ್ಲಿ ಯೇವಲಾ ಬಂದಾಗ, ವಾಪಸ್ ಬರುವಾಗ ಪೈಠಣಿ ಸೀರೆ ನೋಡೋಣ ಎಂದು ಅಕ್ಕ ಹೇಳಿದ್ದು ನೆನಪಿದೆ.

ವಾಪಸ್ ಬರುವಾಗ ಸೀರೆಯ ನೆನಪು ಯಾರಿಗೂ ಇರಲಿಲ್ಲ. ಆದದ್ದು ಸೈನಸ್ ಲಿಫ್ಟ್. ಮೇಲ್ದವಡೆಯ ಮೇಲಿರುವ ಗಾಳಿಗೂಡಿನ ಪೊರೆಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಅಡಿಯಲ್ಲಿ ಮೂಳೆಯ ಪುಡಿ ತುಂಬಿ, ಅದರಲ್ಲಿ ಟೈಟಾನಿಯಂ ತಿರುಪು ಕೂರಿಸುವುದು. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಸ್ಟ್ರಾ ಹಾಕಿ ಏನನ್ನೂ ಹೀರಬಾರದು. ಎಲ್ಲ ಬರೆದುಕೊಟ್ಟಿದ್ದರು. ಎಷ್ಟು ದೂರ ಪ್ರಯಾಣ ಮಾಡಬಹುದು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾವು ಸಂಭಾಜಿನಗರದಲ್ಲೇ ಉಳಿದಿದ್ದೇವೆ ಅಂದುಕೊಂಡಿದ್ದರಂತೆ. ಮರಗಟ್ಟಿಸಿದ ಮದ್ದು ಇಳಿಯುವ ಹೊತ್ತಿಗೆ ಕಾರು ವೈಜಾಪುರದ ಹತ್ತಿರ ಇತ್ತು. ಅಕ್ಕ ಒಂದು ಸಲ ಸೀನಿದಳು, ಅಭ್ಯಾಸಬಲದಿಂದ ಬಾಯಿ ಮುಚ್ಚಿಕೊಂಡು. ಮೂಗಿನಿಂದಲೂ ಬಾಯಿಂದಲೂ ರಕ್ತ. ಕ್ಲಿನಿಕ್‌ನಲ್ಲಿ ಕೊಟ್ಟಿದ್ದ ಗಾಜ್ ಖಾಲಿಯಾಗಿತ್ತು. ಮುಚ್ಚುತ್ತಿದ್ದ ಮೆಡಿಕಲ್ ಶಾಪಿನವನನ್ನು ಬೇಡಿ ಒಂದು ಕಟ್ಟು ಗಾಜ್ ತಂದು, ಡಾಕ್ಟರು ಫೋನಿನಲ್ಲಿ ಹೇಳಿದಂತೆ ಅರ್ಧ ಗಂಟೆ ಬಿಗಿಯಾಗಿ ಕಚ್ಚಿಸಿ, ತಲೆ ಎತ್ತರಕ್ಕಿಟ್ಟು, ಕಾರನ್ನು ಹಿಂದಕ್ಕೆ ತಿರುಗಿಸಿದೆ. ರಾತ್ರಿ ಹನ್ನೊಂದಕ್ಕೆ ಅವರೇ ಬಂದು ಕ್ಲಿನಿಕ್ ಬಾಗಿಲು ತೆಗೆದರು. ಹೊಲಿಗೆ ಹಿಡಿದಿತ್ತು. ಅದು ನಮ್ಮ ಪುಣ್ಯ.

ಆಮೇಲೆ ಶುರುವಾದದ್ದು ರೂಮಿನ ಹುಡುಕಾಟ. ಕೆನ್ನೆ ಊದಿಸಿಕೊಂಡು, ತುಟಿಯಲ್ಲಿ ರಕ್ತದ ಗುರುತಿದ್ದ ಹೆಂಗಸಿನ ಜೊತೆ ನಡುರಾತ್ರಿ ರಿಸೆಪ್ಶನ್‌ನಲ್ಲಿ ನಿಂತರೆ ಜನ ಹೇಗೆ ನೋಡುತ್ತಾರೆ ಎಂಬುದು ಅಂದು ಗೊತ್ತಾಯಿತು. ಬಸ್ ನಿಲ್ದಾಣದ ಕಡೆಯ ಎರಡು ಲಾಡ್ಜ್‌ಗಳಲ್ಲಿ ಪಾಸ್‌ಪೋರ್ಟ್ ವಿದೇಶದ್ದು ಅಂದಕೂಡಲೇ ರೂಮ್ ಇಲ್ಲ ಅಂದರು. ಅವರ ಕಷ್ಟವೂ ಅರ್ಥವಾಗುತ್ತದೆ. ವಿದೇಶಿ ಪ್ರಜೆ ಉಳಿದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಸಣ್ಣ ಲಾಡ್ಜಿನವರು ಆ ಉಸಾಬರಿಯೇ ಬೇಡ ಅನ್ನುತ್ತಾರೆ. ಹೆಸರು, ಮುಖ, ಮಾತು ಎಲ್ಲ ನಮ್ಮವೇ ಆದರೂ ಪುಸ್ತಕದ ಬಣ್ಣ ಬೇರೆಯಾದರೆ ಕತೆ ಬೇರೆ. ವಿದೇಶದಿಂದ ಬರುವವರಿಗೆ ರೂಮ್ ಮಾಡುವಾಗ ಇದನ್ನು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ಕೊನೆಗೆ ಸಿಕ್ಕಿದ್ದು ಜಾಲ್ನಾ ರಸ್ತೆಯ ಕಡೆ ಒಂದು ದೊಡ್ಡ ಹೋಟೆಲ್. ಒಳ್ಳೆಯ ಹೋಟೆಲ್ಲೇ, ಆದರೆ ಇರುವುದು ಪ್ರವಾಸಿಗಳಿಗೆ. ಸಂಭಾಜಿನಗರದ ಹೋಟೆಲ್‌ಗಳ ಗಡಿಯಾರ ಅಜಂತಾ-ಎಲ್ಲೋರಾಕ್ಕೆ ಕಟ್ಟಿದ್ದು. ಮಂಗಳವಾರ ಎಲ್ಲೋರಾ ರಜೆ, ಸೋಮವಾರ ಅಜಂತಾ ರಜೆ, ಎರಡು ರಾತ್ರಿ ಉಳಿದು ಎರಡನ್ನೂ ಮುಗಿಸಿಕೊಂಡು ಹೋಗುವ ಲೆಕ್ಕ. ಬೆಳಿಗ್ಗೆ ಬಫೆಯಲ್ಲಿ ಖಾರದ ಮಿಸಳ್, ಗರಿಗರಿ ಟೋಸ್ಟ್, ವಡೆ. ಬಾಯಲ್ಲಿ ಹೊಲಿಗೆ ಇರುವವರು ಅದರಲ್ಲಿ ಏನು ತಿನ್ನಬೇಕು? ಕೆಳಗಿನ ಹಾಲಿನಲ್ಲಿ ಮದುವೆಯ ಡಿಜೆ. ರೂಮಿನ ಪುಟ್ಟ ಫ್ರಿಜ್‌ನಲ್ಲಿ ಐಸ್ ಆಗುತ್ತಿರಲಿಲ್ಲ. ಕೆನ್ನೆಗೆ ತಣ್ಣನೆ ಪಟ್ಟು ಇಡಬೇಕಾದದ್ದು ಮುಖ್ಯವಾಗಿ ಮೊದಲ ದಿನವೇ. ಎರಡು ರಾತ್ರಿ ಕಳೆದ ಮೇಲೆ ಕ್ಲಿನಿಕ್‌ನ ಹುಡುಗಿಯೊಬ್ಬಳು, ಎರಡು ಗಲ್ಲಿ ಆಚೆ ತಿಂಗಳ ಬಾಡಿಗೆಗೆ ಕೊಡುವ ಸಣ್ಣ ಅಡುಗೆಮನೆಯಿರುವ ರೂಮೊಂದನ್ನು ತೋರಿಸಿದಳು. ನೆಲಮಹಡಿ, ಫ್ರೀಜರ್, ಒಂದು ಕೆಟಲ್. ನಡೆದು ಹೋದರೆ ಕ್ಲಿನಿಕ್ ಆರು ನಿಮಿಷ. ಬಾಡಿಗೆ ಹೋಟೆಲ್ಲಿನ ಅರ್ಧಕ್ಕಿಂತ ಕಡಿಮೆ. ನನ್ನ ಹೆಂಡತಿ ನಾಸಿಕ್‌ನಿಂದ ಒಂದು ಕುಕ್ಕರ್ ಮತ್ತು ರಾಗಿಹಿಟ್ಟು ಹಿಡಿದುಕೊಂಡು ಬಂದಳು. "ಅತ್ತಿಗೆ, ಇನ್ನು ಒಂಬತ್ತು ದಿನ ಇದೇ ನಿಮ್ಮ ತವರು" ಅಂದಳು. ಅಕ್ಕ ನಗಲಿಕ್ಕೆ ಹೋಗಿ ಕೆನ್ನೆ ಹಿಡಿದುಕೊಂಡಳು.

ಆ ಒಂಬತ್ತು ದಿನಗಳಲ್ಲಿ ಅಂಬಲಿ, ಮೆತ್ತನೆ ಅನ್ನ-ಸಾರು, ಪಕ್ಕದ ಮನೆಯವರು ಕೊಟ್ಟ ವರಣ್-ಭಾತ್. ದಿನಕ್ಕೆ ನಾಲ್ಕು ಸಲ ಉಪ್ಪುನೀರು. ಮೂರನೇ ದಿನ ಊತ ಏರಿ ಅಕ್ಕ ಗಾಬರಿಯಾದಾಗ, ಚಪ್ಪಲಿ ಮೆಟ್ಟಿಕೊಂಡು ಹೋಗಿ ತೋರಿಸಿಕೊಂಡು ಬಂದೆವು. ಎರಡು-ಮೂರನೇ ದಿನ ಊತ ಹೆಚ್ಚುವುದು ಸಹಜ, ಆಮೇಲೆ ಇಳಿಯುತ್ತದೆ ಎಂದು ಡಾಕ್ಟರು ಕೈಯಿಟ್ಟು ನೋಡಿ ಹೇಳಿದ್ದೇ ಅರ್ಧ ಔಷಧಿ. ಇದೇ ಮಾತನ್ನು ನೂರತೊಂಬತ್ತು ಕಿಲೋಮೀಟರ್ ದೂರದಿಂದ ವಿಡಿಯೋ ಕಾಲಿನಲ್ಲಿ ಕೇಳಿದ್ದರೆ ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗುತ್ತಿರಲಿಲ್ಲ.

ಆರು ತಿಂಗಳಾದ ಮೇಲೆ ಅಕ್ಕ ಮತ್ತೆ ಬಂದಳು, ತಿರುಪಿನ ಮೇಲೆ ಕ್ರೌನ್ ಕೂರಿಸಲು. ಈ ಸಲ ನಮ್ಮ ಮನೆಯಲ್ಲೇ ಉಳಿದಳು. ಅಳತೆ ಕೊಡಲು ಒಮ್ಮೆ, ಕೂರಿಸಲು ಒಮ್ಮೆ, ಕಚ್ಚುವಿಕೆ ಸರಿಮಾಡಿಸಲು ಒಮ್ಮೆ, ಒಟ್ಟು ಮೂರು ಸಲ ಹೋಗಿ ಬಂದೆವು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ದೂರ ಏನೂ ಅನ್ನಿಸಲಿಲ್ಲ. ಒಂದು ಮಂಗಳವಾರ ಬಿಟ್ಟು ಎಲ್ಲೋರಾಕ್ಕೂ ಹೋದೆವು. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸ ದೇಗುಲದ ಮುಂದೆ ಅಕ್ಕ ಬಾಯಿ ಬಿಟ್ಟು ನಕ್ಕ ಫೋಟೊ ಇದೆ. ಮೊದಲ ಸಲ ಇದೇ ಎಲ್ಲೋರಾದ ಮೆಟ್ಟಿಲು ಹತ್ತಿದ್ದರೆ ರಕ್ತ ಕಾರಬೇಕಿತ್ತು.

ಅಂದರೆ ಮನೆಯೋ ಹೋಟೆಲ್ಲೋ ಎಂಬ ಪ್ರಶ್ನೆಯೇ ತಪ್ಪು. ಚಿಕಿತ್ಸೆಯ ಯಾವ ಹಂತ ಎಂದು ಮೊದಲು ಕೇಳಬೇಕು. ಕೊಯ್ಯುವ ಹಂತವಾದರೆ ಕ್ಲಿನಿಕ್‌ನಿಂದ ನಡೆಯುವಷ್ಟು ದೂರ, ಅಡುಗೆಮನೆ, ಹೊಲಿಗೆ ಬಿಚ್ಚುವವರೆಗಿನ ದಿನಗಳು. ಬಂಧುಗಳ ಪ್ರೀತಿ ಆಗ ಎರಡನೆಯದು. ಸುಮ್ಮನೆ ಹೇಳುತ್ತಿಲ್ಲ. ಬಂಧುಗಳ ಮನೆಯಲ್ಲಿ "ಒಂದೇ ಒಂದು ಹೋಳಿಗೆ ತಿನ್ನು" ಅನ್ನುವವರಿಗೆ ಇಲ್ಲ ಅನ್ನಲು ಬಾಯಿ ಬೇಕು, ಆ ಬಾಯಿಯೇ ಹೊಲಿದಿರುತ್ತದೆ. ಹೊಂದಿಸುವ ಹಂತವಾದರೆ ಮನೆಯೇ ಮೇಲು.

ಈಗ ಸಿಟ್ಟಿನ ಮಾತು. ಐದು ದಿನದಲ್ಲಿ ಹೊಸ ಹಲ್ಲು, ಜೊತೆಗೆ ಅಜಂತಾ ದರ್ಶನ, ತ್ರ್ಯಂಬಕೇಶ್ವರ, ಶಿರಡಿ ಎಂಬ ಪ್ಯಾಕೇಜ್ ಜಾಹೀರಾತುಗಳು ನನ್ನ ಫೋನಿಗೆ ಈಗಲೂ ಬರುತ್ತಿವೆ. ಟೈಟಾನಿಯಂ ಮೂಳೆಯ ಜೊತೆ ಬೆಸೆದುಕೊಳ್ಳುತ್ತದೆ ಎಂದು 1952ರಲ್ಲಿ ಮೊಲದ ಕಾಲಿನಲ್ಲಿ ಗಮನಿಸಿದ ಸ್ವೀಡನ್ನಿನ ಬ್ರೋನೆಮಾರ್ಕ್, ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದು 1965ರಲ್ಲಿ. ಆ ಬೆಸುಗೆಗೆ ಇಂದಿಗೂ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ದವಡೆ ಗಟ್ಟಿಯಿದ್ದ ಕೆಲವರಿಗೆ ಕೂಡಲೇ ತಾತ್ಕಾಲಿಕ ಹಲ್ಲು ಕೂರಿಸಬಹುದು, ಎಲ್ಲರಿಗೂ ಅಲ್ಲ. ಸೈನಸ್ ಲಿಫ್ಟ್ ಆದವರು ಸುಮಾರು ಎರಡು ವಾರ ವಿಮಾನ ಹತ್ತದಿರುವುದು ಒಳ್ಳೆಯದು ಎಂದು ನಮ್ಮ ಡಾಕ್ಟರು ಹೇಳಿದರು. ಐದನೇ ದಿನ ಮುಂಬೈ ಏರ್‌ಪೋರ್ಟಿಗೆ ಬಿಡುವ ಪ್ಯಾಕೇಜಿನವನಿಗೆ ಇದು ಗೊತ್ತಿಲ್ಲವೇ? ಎಸ್ಟಿಮೇಟ್ ಚೀಟಿಯಲ್ಲಿ ಹಲ್ಲಿನ ದರದ ಕೆಳಗೆ ಇನ್ನೂ ಮೂರು ಸಾಲು ಬರೆದುಕೊಡುವುದು ಯಾವ ಕ್ಲಿನಿಕ್‌ಗೂ ಕಷ್ಟವಲ್ಲ: ಒಟ್ಟು ಎಷ್ಟು ಸಲ ಬರಬೇಕು, ಪ್ರತಿ ಸಲ ಎಷ್ಟು ದಿನ ಇದೇ ಊರಿನಲ್ಲಿ ಇರಬೇಕು, ಎಷ್ಟು ದಿನ ದೂರ ಪ್ರಯಾಣ ಕೂಡದು. ನಮಗೆ ಚಿಕಿತ್ಸೆ ಕೊಟ್ಟವರು ಈಗ ಹಾಗೆ ಬರೆದುಕೊಡುತ್ತಿದ್ದಾರೆ.

ರೂಮ್ ಬಾಡಿಗೆ ಕೊಡಲಾಗದವರ ಮಾತು ಬೇರೆಯೇ ಇದೆ. ಆ ಒಂಬತ್ತು ದಿನಗಳಲ್ಲಿ ಒಂದು ಬೆಳಿಗ್ಗೆ, ಇಲ್ಲಿಯವರು ಘಾಟಿ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯ ಕಡೆ ಹೋಗಿದ್ದೆ. ಸರ್ಕಾರಿ ದಂತ ಕಾಲೇಜೂ ಅಲ್ಲಿದೆ. ಜಾಲ್ನಾ, ಬೀಡ್, ಪರಭಣಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದವರು ಗೋಡೆಗೆ ಒರಗಿ ಕೂತಿದ್ದರು, ದವಡೆಗೆ ಪಂಚೆ ಸುತ್ತಿಕೊಂಡ ಒಬ್ಬ ಅಜ್ಜ ಮರದ ಕೆಳಗೆ ಮಲಗಿದ್ದ. ಮರಾಠವಾಡವೂ ನಮ್ಮ ಬೀದರ್, ಕಲಬುರಗಿಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಸಾಲಿನಲ್ಲಿ ಕೂತವರ ಮುಖ ನೋಡಿದರೆ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಕೂತವರಂತೆಯೇ ಇದ್ದವು. ಮುಂಬೈಯ ದಾದರ್‌ನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಟಾಟಾ ಆಸ್ಪತ್ರೆಯ ಕ್ಯಾನ್ಸರ್ ರೋಗಿಗಳಿಗೆ ಆಸರೆ ಕೊಡುತ್ತ ಬಂದಿದೆ. ನಾಸಿಕ್‌ನಲ್ಲೂ ಯಾತ್ರಿಗಳಿಗೆ ಧರ್ಮಶಾಲೆಗಳಿಗೆ ಕೊರತೆಯಿಲ್ಲ, ಸಿಂಹಸ್ಥ ಕುಂಭಮೇಳ ಬರುತ್ತಿರುವುದರಿಂದ ಇನ್ನಷ್ಟು ಏಳುತ್ತವೆ. ಮೇಳ ಮುಗಿದು ಖಾಲಿ ಬೀಳುವ ರೂಮುಗಳಲ್ಲಿ ಒಂದಷ್ಟನ್ನು ಆಸ್ಪತ್ರೆಗೆ ಬಂದವರಿಗೆ, ಗಂಜಿ ಕಾಯಿಸಲು ಒಂದು ಒಲೆಯ ಜೊತೆ, ಬಿಟ್ಟುಕೊಡಲು ಯಾವ ಟ್ರಸ್ಟಿಗೆ ಏನು ಅಡ್ಡಿ?

ಮೊನ್ನೆ ಭಾವ ಫೋನ್ ಮಾಡಿದ್ದರು. ಅವರಿಗೂ ಕೆಳದವಡೆಯಲ್ಲಿ ಒಂದು ಹಲ್ಲು ಅಲ್ಲಾಡುತ್ತಿದೆಯಂತೆ. ಬರುವ ಜನವರಿಗೆ ಟಿಕೆಟ್ ನೋಡುತ್ತಿದ್ದಾರೆ. ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು: "ಟಿಕೆಟ್ ಆಮೇಲೆ. ಮೊದಲು ಆ ಕುಕ್ಕರ್ ರೂಮ್ ಖಾಲಿ ಇದೆಯಾ ಕೇಳು."